ಉಪ್ಪು ಹಾಕಿ ನೋಡಿದ ಮೇಲೆ

ಹಲೋ... ಯಾರು ಮಾತಾಡ್ತಿರೋದು, ಭಾವ ನೀವಾ?... ಹಾಂ ಭಾವ, ನಾನೇ, ಲ್ಯಾಬಿಂದ. ಅಕ್ಕ ಎದ್ದಿದ್ದಾಳಾ?... ಸ್ವಲ್ಪ ಕೊಡಿ.

...

ಅಕ್ಕಾ, ಏನಾದ್ರೂ ತಿಂದ್ಯಾ?... ಬಾಯಿಹುಣ್ಣು ಇನ್ನೂ ಇದೆಯಾ?... ನನ್ನ ದನಿಗೇನಾಗಿದೆ? ಏನಿಲ್ಲ, ಸುಸ್ತು. ಬೆಳಗ್ಗಿಂದ ಆ ಮೆಷಿನ್ ಮುಂದೇನೇ ಕೂತಿದ್ದೀನಿ.

...

ನಾಳೆ ಕೀಮೋಗೆ ಹೋಗ್ತೀಯ ಅಲ್ವಾ?... ಯಾಕೆ?... ಬರಲ್ಲ ಅಂತ ಆಸ್ಪತ್ರೆಗೆ ಹೇಳಿಬಿಟ್ಟೆಯಾ? ಯಾರನ್ನ ಕೇಳಿ ಹೇಳ್ದೆ?... ನಾನಾ? ಕೀಮೋ ಇನ್ನು ಬೇಕಾಗಲ್ಲ ಅಂತ ನಾನ್ಯಾವಾಗ ಅಂದೆ?

...

ಹಾಂ. ಅಂದಿದ್ದೆ. ನಾವು ಮಾಡಿದ ಹೊಸ ಔಷಧಿ ಡಿಎನ್‌ಎಗೆ ಗಟ್ಟಿಯಾಗಿ ಕೂತ್ಕೊಳ್ತು ಅಂತ ಹೋದ ವಾರ ಕುಣಿದಾಡಿದ್ದು ನಿಜ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು... ಅದನ್ನ ಹೇಳೋಕೇ ಈಗ ಫೋನ್ ಮಾಡಿದ್ದು. ಅದು ಕೈಕೊಡ್ತು ಅಕ್ಕ.

...

ಉಪ್ಪು... ಹೌದು, ಅಡುಗೆ ಉಪ್ಪೇ. ನಾವು ಪರೀಕ್ಷೆ ಮಾಡಿದ ನೀರಲ್ಲಿ ಉಪ್ಪು ತೀರಾ ಕಡಿಮೆ ಇತ್ತು. ಇವತ್ತು ರಕ್ತದಲ್ಲಿರೋಷ್ಟು ಹಾಕಿ ನೋಡಿದ್ವಿ, ಔಷಧಿ ಡಿಎನ್‌ಎಯಿಂದ ಬಿಟ್ಟುಕೊಂಡು ಬಂತು... ಹೇಗಂದ್ರೆ, ಡಿಎನ್‌ಎ ಒಂದು ತಿರುಚಿದ ಏಣಿ ಅಂತ ಹೇಳಿರಲಿಲ್ವಾ? ನಮ್ಮ ಔಷಧಿಯ ಅಣು ಅದರ ಸಂದಿಗೆ ಹೋಗಿ, ಗಡ್ಡೆಯ ಕಣದಲ್ಲಿ ಕೆಟ್ಟಿರೋ ಜಾಗ ಮಾತ್ರ ಗುರುತು ಹಿಡಿದು ಕೂರ್ಬೇಕು. ಅಣು ಮೇಲೆ ಒಂಥರಾ ವಿದ್ಯುತ್ತು, ಏಣಿ ಮೇಲೆ ಅದಕ್ಕೆ ವಿರುದ್ಧದ್ದು. ಉಪ್ಪಿಲ್ಲದಿದ್ರೆ ಎಲ್ಲಿ ಬೇಕಾದ್ರೂ ಅಂಟ್ಕೊಳ್ಳತ್ತೆ. ಉಪ್ಪು ಮಧ್ಯೆ ನುಗ್ಗಿದ್ರೆ ಬಿಟ್ಟುಹೋಗತ್ತೆ. ಅದು ಗುರುತು ಹಿಡಿದಿರಲೇ ಇಲ್ಲ ಅಕ್ಕ, ಬರೀ ಅಂಟ್ಕೊಂಡಿತ್ತು.

...

ಇಲ್ಲ, ಕೀಮೋದಲ್ಲಿ ನಿನಗೆ ಹಾಕೋ ಆ ಕೆಂಪು ಔಷಧಿಗೂ ಗುರುತು ಗೊತ್ತಿಲ್ಲ. ಏಣಿ ಮೆಟ್ಟಿಲ ಮಧ್ಯೆ ತೂರ್ಕೊಂಡು ಕೂರತ್ತೆ ಅಷ್ಟೆ. ಗಡ್ಡೇದೋ ಕೂದಲ ಬುಡದ್ದೋ ಅಂತ ನೋಡಲ್ಲ, ಅದಕ್ಕೇ ನಿನಗೀ ಪಾಡು... ಗೊತ್ತು. ನನಗೂ ನೋಡಕ್ಕಾಗಲ್ಲ. ಆದ್ರೆ ರಕ್ತದ ಉಪ್ಪಿಗೆಲ್ಲ ಅದು ಜಗ್ಗಲ್ಲ. ಗಡ್ಡೆ ಅರ್ಧಕ್ಕೆ ಇಳಿದಿದೆ ಅಂತ ಡಾಕ್ಟ್ರು ತೋರಿಸಲಿಲ್ವಾ?

...

ಕಾಯ್ತೀನಿ ಅಂದ್ರೆ ಎಷ್ಟು ವರ್ಷ ಕಾಯ್ತೀಯ? ನಮ್ಮ ಅಣುವಿಗೆ ಇನ್ನೂ ಹತ್ತು ವರ್ಷ ಟೈಮಿದೆ. ನಿನಗಿಲ್ಲ.

...

ಹೌದು, ಅಂದ್ಬಿಟ್ಟೆ. ಬೇಕಾದ್ರೆ ಬೈ... ಅಳಬೇಡ ಅಕ್ಕ. ನೀನಿಲ್ಲದೆ ನಾನೇನು ಮಾಡ್ಲಿ, ಹೇಳು.

...

ಏನು?... ಸ್ವೆಟರಾ? ಹಾಂ, ಬ್ಯಾಗಿಗೆ ಹಾಕ್ಕೋ, ಆ ವಾರ್ಡಲ್ಲಿ ಎಸಿ ಜಾಸ್ತಿ. ಆಸ್ಪತ್ರೆಗೆ ನಾನೀಗ್ಲೇ ಫೋನ್ ಮಾಡ್ತೀನಿ, ಆ ಹಾಸಿಗೆ ಇನ್ಯಾರಿಗೂ ಕೊಡಬೇಡಿ ಅಂತ... ಬರ್ತೀನಿ, ಪಕ್ಕದಲ್ಲೇ ಕೂತಿರ್ತೀನಿ. ಭಾವನಿಗೆ ಹೇಳು, ಬೆಳಗ್ಗೆ ನಾನು ಬರೋವರೆಗೂ ಹೊರಡ... ಹಲೋ?... ಅಕ್ಕಾ, ಕೇಳಿಸ್ತಿದ್ಯಾ?... ಥೂ, ಈ ಲ್ಯಾಬಲ್ಲಿ ಸಿಗ್ನಲ್ಲೇ ನಿಲ್ಲಲ್ಲ... ಹಲೋ...