ಯಶೂನ ಕೌದಿ

...ನಗ್ತಿ ಯಾಕ? ಹೌದು, ಹೊಸಾ ಅಂಗಿ! ಇವತ್ತೇ ಘಡಿ ಮುರದೀನಿ. ಎರಡ ಸಲ ಮೈ ತೊಳಕೊಂಡೀನಿ ಪಂಚಶೀಲಾ, ತಲಿಗಿ ಸುದ್ದಾ ಸಾಬಾಣ ಹಚ್ಚೀನಿ. ಕಲಬುರಗಿಯಿಂದ ಇಲ್ಲಿ ಕಮಲಾಪುರದ ತನಕ ಬಸ್ಸಿನ ಸೀಟಿಗಿ ಬೆನ್ನ ಹಚ್ಚಲಾರದ ಕುಂತ ಬಂದೀನಿ... ಮಗಳನ್ನ ಎತ್ಕೋಬೇಕಂತ. ನಮ್ಮ ಮದಿವ್ಯಾಗೂ ನಾ ಇಷ್ಟ ಸ್ವಚ್ಛ ಇದ್ದಿದ್ದಿಲ್ಲ! ನೋಡು, ಮತ್ತ ನಗ್ತಿ.

ಮಲಗ್ಯಾಳೇನು? ಎಬ್ಬಸಬ್ಯಾಡ ಬಿಡು, ತಾನೇ ಏಳಲಿ. ಡಾಕ್ಟರ್ ಬರದಿದ್ದ ಮುಲಾಮು ತಂದೀನಿ, ತಗೋ. ನಿಮ್ಮವ್ವ ಎಲ್ಲಿ? ಬಾಳಿ ತ್ವಾಟಕ ಹೋಗ್ಯಾಳ? ಛಲೋ ಆತು. ನಿನ್ನ ಕೂಡ ಒಂದ ಮಾತ ಆಡೂದದ.

ಮನಿಗಿ ನಡೀರಿ. ಇಬ್ಬರೂ. ಇವತ್ತೇ.

ಹಂಗ ಕಣ್ಣ ಬಿಡಬ್ಯಾಡ. ಡಾಕ್ಟರ್ ಏನಂದ್ರು? ಇದು ಗಜ್ಜಿ ಅಲ್ಲ, ಇಸಬು, ಯಾರಿಗೂ ಹತ್ತಂಗಿಲ್ಲ ಅಂದ್ರು. ಧೂಳಿಗಿ ಹೆಚ್ಚಾಗಬಹುದು ಅಂದ್ರು. ಆಗಬಹುದು! ನೀ ಅದೊಂದೇ ಮಾತ ಹಿಡಕೊಂಡಿ. ದಾಲ್ ಮಿಲ್ಲಿನ ಗ್ವಾಡಿಗಿ ಹತ್ತಿ ನಮ್ಮ ಖೋಲಿ ಅದ, ತಗಡಿನ ಸಂದ್ಯಾಗಿಂದ ತೊಗರಿ ಹೊಟ್ಟು ಉದರ್ತದ, ನಾ ಅದೇ ಮಿಲ್ಲಿನ ಬಟ್ಟಿ ಮ್ಯಾಲ ಬಂದು ಕೂಸಿನ್ನ ಎತ್ಕೋತೀನಿ... ಅಂತ ತವರಿಗಿ ಗಂಟು ಕಟ್ಟಿದಿ. ನಾ ಏನರೆ ಅಂದೆನು? ಮೊಣಕೈ ಮಡಚಿನ್ಯಾಗ ರಕ್ತ ಬರೂಹಂಗ ತುರಸ್ತಿತ್ತು ಕೂಸು. ಅಂಗನವಾಡ್ಯಾಗ ಆಕಿಗಿ ಬ್ಯಾರೆ ಚಾಪಿ ಹಾಕಿ ದೂರ ಕೂಡಸ್ತಿದ್ರು... ಆ ಚಾಪಿ ನೋಡಿ ನಾನೇ ನಿಮ್ಮನ್ನ ಬಸ್ ಹತ್ತಿಸಿದೆ.

ಇಲ್ಲಿಗಿ ಬಂದಮ್ಯಾಲ ಮಾಯ್ತು. ಖರೇ ಅದ, ಮಾಯ್ತು. ಮತ್ತೀಗ? ಥಂಡಿ ಸುರು ಆದಮ್ಯಾಲ ಮತ್ತ ಬಂತಲ್ಲ? ಈ ಸಲ ಗಲ್ಲದ ತುಂಬ, ಕುತ್ತಿಗಿ ತುಂಬ! ಇಲ್ಲೇನ ಮಿಲ್ ಅದ? ಹೊಟ್ಟು ಅದ? ಹಂಗಾರ ತಪ್ಪು ಮಿಲ್ಲಿಂದಲ್ಲ, ನಂದೂ ಅಲ್ಲ! ನಿಮ್ಮವ್ವನ ಕೋಳಿ ಪುಕ್ಕದ್ದು ಇರಬೇಕು. ಬಾಳಿಗಿ ಹೊಡಿಯೋ ಔಷಧದ್ದು ಇರಬೇಕು. ಬೋರಿನ ನೀರು... ಆ ಸಾಬಾಣ... ಥಂಡಿ ಗಾಳಿ... ಎಲ್ಲಿದ್ರೂ ಬರೂದೇ ಆದ್ರ ಅಪ್ಪನ ಹತ್ರ ಇದ್ದ ಬರಲಿ. ಏನಂತಿ?

 

ಒಳಗ ಯಾಕ ಹೋದಿ... ಏನದು, ಕೌದಿ? ಯಶೂನ ಕೌದಿ ಯಾಕ ತಂದಿ? ಆಕಿ ಮ್ಯಾಲಿಂದ ತಗದೀ? ತೊಳೀತೀಯೇನು? ತೊಳ್ಯಾಕ ಕೊಡಂಗಿಲ್ಲಂತಲ್ಲ ಆಕಿ, ಮಾರಿ ತುಂಬ ಎಳಕೊಂಡೇ ಮಲಗ್ತಾಳಂತ... ಆ ಕತ್ರಿ ಯಾಕ? ಏ! ಹೊಲಿಗಿ ಯಾಕ ಬಿಚ್ಚಾಕತ್ತಿ? ನಮ್ಮ ಓಣಿ ಶಾರದಾಬಾಯಿ ಎಷ್ಟು ಛಂದ ಹೊಲದು ಕೊಟ್ಟಾಳ ಅದನ್ನ! ಥಂಡಿ ಬಂತಂತ ನಾನೇ ತಂದ ಕೊಟ್ಟಿದ್ದು... ಬಿಡು ಪಂಚಶೀಲಾ. ಬಿಡಂದ್ರ ಬಿಡು. ಏನಿರ್ತದ ಕೌದಿ ಒಳಗ? ಹಳೀ ಬಟ್ಟಿ ಇರ್ತಾವ. ಎಲ್ಲರ ಮನ್ಯಾಗೂ ಅವೇ ಇರ್ತಾವ...

...ಹೂಂ. ನನ್ನವೇ. ಮಿಲ್ಲಿನ ಅಂಗಿ.

ಕೂಸಿನ ಕೌದಿ ಒಳಗ ಹಡದವರ ಬಟ್ಟಿ ಇದ್ರ ಕೂಸು ಬೆಚ್ಚಿ ಬೀಳಂಗಿಲ್ಲ ಅಂತಿದ್ಳು ನಮ್ಮವ್ವ. ಅದಕ್ಕೇ ಕೊಟ್ಟೆ. ಶಾರದಾಬಾಯಿ ಹೇಳಿದ್ಳು, ತೊಳದ ಕೊಡೋ ತಮ್ಮಾ ಅಂತ. ತೊಳೀಲಿಲ್ಲ. ತೊಳದ್ರ ಏನ ಉಳೀತದ ಅದರಾಗ? ಬರೇ ಸಾಬಾಣ. ಫೋನಿನ್ಯಾಗ ಏನ ಕೇಳಿದ್ಳು ಗೊತ್ತದನು ಆಕಿ? 'ಅಪ್ಪಾ, ನಿನ್ನ ವಾಸನಿ ಹ್ಯಾಂಗಿತ್ತು?' ಅಂದ್ಳು. ಹ್ಯಾಂಗಿತ್ತು ಅಂದ್ಳು ಪಂಚಶೀಲಾ, ಸತ್ತವರ ಬಗ್ಗೆ ಕೇಳಿದಂಗ...

ಬೈ. ನಾಕ ಮಾತ ಬೈದ ಬಿಡು. ಹಿಂಗ ನೋಡಬ್ಯಾಡ.

ಇಲ್ಲ... ಅವಾಗ ಗೊತ್ತಿರಲಿಲ್ಲ. ಮಗಳ ಆಣಿ, ಕೊಡೂವಾಗ ಗೊತ್ತಿರಲಿಲ್ಲ.

ನೋಡಬ್ಯಾಡ ಅಂದೆ ನಾ.

...ಗೊತ್ತಾಗಿತ್ತು. ಗಲ್ಲದ ಮ್ಯಾಲ ಬಂದದ ಅಂತ ನೀ ಫೋನ್ ಮಾಡಿದ್ದಿಲ್ಲ? ಅವತ್ತೇ ಗೊತ್ತಾತು, ಇದು ಈ ಕೌದೀದೇ ಅಂತ. ಕೌದಿ ತಗದ ಒಗಿ ಅಂತ ಮಾತು ಬಾಯಿ ತನಕ ಬಂತು. ಒಗದ್ರ ಮಾಯ್ತದ. ಮಾಯ್ದ್ರ ನೀವು ಇಲ್ಲೇ ಉಳೀತೀರಿ, ಆ ಖೋಲಿಗಿ ಮತ್ತ ಬರಂಗಿಲ್ಲ... ಮಾತು ನುಂಗಿದೆ. ಮಗಳು ತುರಸ್ಕೋತಾ ಅಳೂದು ಫೋನಿನ್ಯಾಗ ಕೇಳಸ್ತಿತ್ತು, ಆದ್ರೂ ನುಂಗಿದೆ. ಇದೇ ನೆಪ ಮಾಡಿ ಕರಕೊಂಡ ಹೋಗಬೇಕಂತ ಬಂದೆ, ಹೊಸಾ ಅಂಗಿ ಹಾಕ್ಕೊಂಡು.

ಕೊಡು ಇಲ್ಲಿ. ಆ ಅಂಗಿ ಎಲ್ಲಾ ಕೊಡು, ನಾನೇ ಒಯ್ತೀನಿ. ನೀ ಮುಟ್ಟಬ್ಯಾಡ, ನಿನ್ನ ಕೈಯಿಂದ ಆಕಿಗಿ... ಅಯ್ಯ, ಎಷ್ಟು ಹೊಟ್ಟು ಉದರ್ತದ ನೋಡು ಇದ್ರೊಳಗಿಂದ. ಇದನ್ನ ಹೊಚ್ಚಿಗೊಂಡು ಮಲಗ್ಯಾಳ ಕೂಸು... ಇದನ್ನ...

ಎದ್ದಳು? ಯಶೂ! ಎದ್ದೇನವ್ವಾ? ಹೂಂ, ಅಪ್ಪ ಬಂದಾನ. ನಿನಗಂತನೇ ಬಂದಾನ. ಓಡಬ್ಯಾಡ... ಬರಬ್ಯಾಡವ್ವಾ, ಅಲ್ಲೇ ನಿಂದ್ರು... ಪಂಚಶೀಲಾ, ಹಿಡಿ ಆಕಿನ್ನ! ಹಿಡಿ... ನನ್ನ ಹೊಸಾ ಅಂಗಿಗಿ ಪೂರಾ ಹೊಟ್ಟು ಹತ್ಯಾದ.