ಹಿಂದಿನ ಬಾಗಿಲಿಗೆ ನಾನೇ ಹಾಕಿದ ಲಾಕ್

ಹೆಸರು: ಇದೇ ಠಾಣೆಯ ನಾಲ್ಕು ವರ್ಷ ಹಿಂದಿನ ಕಡತದಲ್ಲಿದೆ, ಅಲ್ಲಿಂದಲೇ ಬರೆದುಕೊಳ್ಳಬಹುದು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ನನ್ನನ್ನು ರಸೀದಿ ಎಂದು ಕರೆಯುತ್ತಾರೆ. ವಯಸ್ಸು: ನಲವತ್ತಾರು. ಉದ್ಯೋಗ: ಬಾಡಿಗೆ ಕಾರಿನ ಚಾಲಕ. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಟೈಲರ್ ಅಂಗಡಿಯ ಮೇಲಿನ ಮನೆ, ಹೆಂಡತಿ ಮತ್ತು ಮಗಳೊಂದಿಗೆ.

ಯಾರೂ ಹಿಡಿದು ತಾರದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಿಗ್ಗೆ ಒಬ್ಬ ವಯಸ್ಸಾದ ಹೆಂಗಸನ್ನು ನನ್ನ ಕಾರಿನಲ್ಲಿ ಕೂರಿಸಿ, ಹಿಂದಿನ ಎರಡೂ ಬಾಗಿಲುಗಳಿಗೆ ನಾನೇ ಲಾಕ್ ಹಾಕಿದ್ದು ನಿಜ. ಯಾಕೆ ಹಾಕಿದೆ ಎಂಬುದನ್ನು ಹೇಳಲು ಮೊದಲಿನ ಕೇಸಿನ ವಿಷಯ ಹೇಳಬೇಕಾಗುತ್ತದೆ. ಅದು ಇಲ್ಲಿ ಅನವಶ್ಯಕ ಎಂದು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಅವರು ಹೇಳಿದರು. ನನಗೆ ಅವಶ್ಯಕ.

ನಾಲ್ಕು ವರ್ಷದ ಹಿಂದೆ ರಸ್ತೆ ಅಗೆದಿದ್ದರಿಂದ ನಾನು ಬಳಸುದಾರಿ ಹಿಡಿದೆ. ಕಾರು ವೇಗ ಪಡೆದ ಕೂಡಲೇ ಬಾಗಿಲುಗಳು ತಾವಾಗಿ ಲಾಕ್ ಆದವು. ಹಿಂದೆ ಕುಳಿತಿದ್ದ ಹುಡುಗಿ ಹೆದರಿ ಪೊಲೀಸರಿಗೆ ಫೋನ್ ಮಾಡಿದಳು. ದಾರಿ ತಪ್ಪಿಸಿ ಕರೆದೊಯ್ದ ಆರೋಪ ನನ್ನ ಮೇಲೆ ದಾಖಲಾಯಿತು. ಒಂದೂವರೆ ವರ್ಷದ ನಂತರ ನ್ಯಾಯಾಲಯ ನನ್ನನ್ನು ಬಿಡುಗಡೆ ಮಾಡಿತು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಸಂದರ್ಭದಲ್ಲಿ ಹಾಗೆಯೇ ಫೋನ್ ಮಾಡಬೇಕು ಎಂದು ನನ್ನ ಮಗಳಿಗೂ ಹೇಳಿಕೊಟ್ಟಿದ್ದೇನೆ. ಸಿಟ್ಟಿರುವುದು ಆಮೇಲಿನವರ ಮೇಲೆ. ಶಾಲೆಯ ವ್ಯಾನ್, ಹೋಟೆಲಿನ ಕಾರು, ಕಾರ್ಖಾನೆಯ ಬಸ್ಸು, ಮೂರು ಕಡೆ ಕೆಲಸ ಕೇಳಿದೆ. ನಿಮ್ಮ ಮೇಲೆ ಕೇಸು ಆಗಿತ್ತೇ ಎಂದು ಮೂವರೂ ಕೇಳಿದರು. ಹೌದು ಎಂದೆ. ಅದರ ನಂತರ ಹೇಳಿದ್ದನ್ನು ಗೋಡೆಗಳು ಕೇಳಿಸಿಕೊಂಡವು. ಕೇಳಬಾರದೆಂದು ನಾನು ಹೇಳುವುದಿಲ್ಲ. ಜನರ ಜೀವ ಕೈಗೆ ಕೊಡುವವರು ಕೇಳಲೇಬೇಕು. ಆದರೆ ಕೇಳಿದ ಮೇಲೆ ಉತ್ತರ ಮುಗಿಯುವವರೆಗೆ ಕೂತಿರಬೇಕು.

ಆ ಕೇಸಿನ ನಂತರ ಗ್ಯಾರೇಜಿಗೆ ಹೋಗಿ, ತಾನಾಗಿ ಬೀಳುವ ಲಾಕನ್ನು ತೆಗೆಸಿಹಾಕಿದೆ. ಪೆಟ್ರೋಲು, ಪಾರ್ಕಿಂಗ್, ಚಹಾ, ಎಲ್ಲದಕ್ಕೂ ರಸೀದಿ ಕೇಳಿ ಇಟ್ಟುಕೊಳ್ಳತೊಡಗಿದೆ, ಎಲ್ಲಿದ್ದೆ ಎಂದು ಯಾರಾದರೂ ಕೇಳಿದರೆ ತೋರಿಸಲು. ನಗುವವರು ನಗಲಿ. ಹೆಸರು ಹಾಗೆ ಬಂತು.

ಈ ದಿನ ಹನ್ನೊಂದು ಗಂಟೆಗೆ ಒಂದು ಆಸ್ಪತ್ರೆಯಲ್ಲಿ ನನಗೆ ಸಂದರ್ಶನವಿತ್ತು. ಡಯಾಲಿಸಿಸ್ ರೋಗಿಗಳನ್ನು ಮನೆಯಿಂದ ಕರೆತಂದು ಮತ್ತೆ ಬಿಡುವ ವ್ಯಾನಿನ ಕೆಲಸ. ಹಳೆಯ ಕೇಸನ್ನು ನಾನು ಮೊದಲೇ ಫೋನಿನಲ್ಲಿ ಹೇಳಿದ್ದೆ. ಚಾಲಕರನ್ನು ಆರಿಸುವ ಮೇಡಂ, ಬಂದು ಪೂರ್ತಿ ಹೇಳಿ, ಕೇಳುತ್ತೇವೆ ಎಂದಿದ್ದರು. ಹಾಗೆ ಹೇಳಿದವರು ನಾಲ್ಕು ವರ್ಷದಲ್ಲಿ ಅವರೊಬ್ಬರೇ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಿದ್ದೆ.

ಸುಮಾರು ಹತ್ತು ಗಂಟೆಗೆ ಮಾರ್ಕೆಟ್ ತಿರುವಿನಲ್ಲಿ ಆ ಅಮ್ಮ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿ ತಾವಾಗಿ ಹತ್ತಿದರು. ಎಲ್ಲಿಗೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಸುತ್ತಿದ್ದೇನೆ: "ಮನೆಗೆ ಕಣೋ ತಮ್ಮಾ. ಬಾಗ್ಲು ತೆಗೆದೇ ಬಂದ್ಬಿಟ್ಟಿದೀನಿ. ಬೇಗ ನಡಿ." ಎಡಕ್ಕೆ, ಬಲಕ್ಕೆ ಎಂದು ಅವರು ಹೇಳಿದಂತೆ ತಿರುಗಿಸಿದೆ. ಕೊನೆಗೆ ಕಾರು ಒಂದು ಖಾಲಿ ನಿವೇಶನದ ಮುಂದೆ ನಿಂತಿತು. ಇಲ್ಲೇ ಇತ್ತಲ್ಲ ಮನೆ, ಯಾರು ತೆಗೆದುಕೊಂಡು ಹೋದರು ಎಂದು ಅವರು ನನ್ನನ್ನೇ ಗದರಿದರು. ಅವರ ಎರಡು ಕಾಲಿನಲ್ಲಿ ಬೇರೆ ಬೇರೆ ಚಪ್ಪಲಿ ಇದ್ದದ್ದನ್ನು ನಾನು ನೋಡಿದ್ದು ಆಗ. ಅವರಿಗೆ ನೆನಪು ಕೈಕೊಟ್ಟಿದೆ ಎಂದು ತಿಳಿಯಿತು. ನನಗೆ ಹೆದರಿಕೆಯಾಯಿತು. ಅವರಿಗಾಗಿ ಅಲ್ಲ, ಮೊದಲು ನನಗಾಗಿಯೇ.

ನೇರ ಠಾಣೆಗೆ ಬಿಡೋಣವೆಂದು ದೊಡ್ಡ ರಸ್ತೆಗೆ ಬಂದೆ. ಸಿಗ್ನಲ್ ದಾಟುವಾಗ ಹಿಂದಿನಿಂದ ಗಾಳಿ ನುಗ್ಗಿತು. ತಿರುಗಿ ನೋಡಿದರೆ ಬಾಗಿಲು ತೆರೆದಿತ್ತು, ಅವರ ಒಂದು ಕಾಲು ಹೊರಗಿತ್ತು. ಪಕ್ಕದಲ್ಲಿ ಸಿಮೆಂಟ್ ಲಾರಿ ಬರುತ್ತಿತ್ತು. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಿಂದ ಅವರ ಸೀರೆ ಹಿಡಿದು ಒಳಗೆಳೆದೆ. ಸೀರೆ ಹಿಡಿದೆ ಎಂದೇ ಬರೆಯಿರಿ, ಬೇರೆ ಪದ ಬೇಡ. ನಾನು ತೆಗೆಸಿಹಾಕಿದ್ದ ಆ ಲಾಕ್ ಇದ್ದಿದ್ದರೆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ನನ್ನ ಮರ್ಯಾದೆ ಉಳಿಸಿಕೊಳ್ಳಲು ತೆಗೆಸಿದ್ದು ಆ ಅಮ್ಮನ ಜೀವವನ್ನೇ ತೆಗೆಯುತ್ತಿತ್ತು.

ಮೆಡಿಕಲ್ ಶಾಪಿನ ಮುಂದೆ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದಿಟ್ಟು, ಅಂಗಡಿಯ ಹೆಂಗಸನ್ನು ಕರೆದೆ. ನೀರು ಕೊಟ್ಟವರು ಅವರು, ನಾನಲ್ಲ. ಅವರು ಠಾಣೆಗೆ ಎರಡು ಸಲ ಫೋನ್ ಮಾಡಿದರು, ಯಾರೂ ಎತ್ತಲಿಲ್ಲ. ಈ ಮಾತು ಬಂದಾಗ ಹೆಡ್ ಕಾನ್‌ಸ್ಟೇಬಲ್ ಅವರು ಪೆನ್ನು ನಿಲ್ಲಿಸಿದರು. ನಾನೂ ಮಾತು ನಿಲ್ಲಿಸಿದೆ. ಅವರು ಬರೆದ ಮೇಲೆ ಮುಂದುವರಿಸಿದ್ದೇನೆ.

ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನೋಡಿದೆವು. ಅವರು ಗೇರಿಗೆ ಕೈ ಹಾಕಿದರು, ಮತ್ತೆ ಹಿಂದೆಯೇ ಕೂರಿಸಿದೆವು. ಹಿಂದಿನ ಬಾಗಿಲಿನ ಅಂಚಿನಲ್ಲಿ, ಮಕ್ಕಳು ಒಳಗಿನಿಂದ ತೆಗೆಯದಿರಲೆಂದು, ಒಂದು ಸಣ್ಣ ಲಾಕ್ ಇರುತ್ತದೆ. ಅದನ್ನು ಗ್ಯಾರೇಜಿನವನು ತೆಗೆದಿರಲಿಲ್ಲ. ನಾನು ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತೆ. ಅಂಗಡಿಯ ಹೆಂಗಸು, "ಯಾಕಣ್ಣ ಯೋಚ್ನೆ? ಹಾಕಿ, ನಾನು ನೋಡಿದೀನಲ್ಲ" ಎಂದರು. ಎರಡೂ ಕಡೆ ಹಾಕಿದೆ.

ಅಲ್ಲಿಂದ ಠಾಣೆಗೆ ಒಂದೂವರೆ ಕಿಲೋಮೀಟರ್. ಬಾಗಿಲು ತೆರೆಯದಿದ್ದರಿಂದ ಆ ಅಮ್ಮ ಅಳುತ್ತ ಗಾಜನ್ನು ಬಡಿಯತೊಡಗಿದರು. ಸ್ಕೂಟರಿನ ಯುವಕನೊಬ್ಬ ಅದನ್ನು ಕಂಡು ಕಾರಿಗೆ ಅಡ್ಡ ನಿಲ್ಲಿಸಿ ವಿಡಿಯೊ ಮಾಡಿದ. ಜನ ಸೇರಿದರು. ಒಬ್ಬರು ನನ್ನ ಕೊರಳಪಟ್ಟಿ ಹಿಡಿದರು, ಇಸ್ತ್ರಿ ಅಂಗಿಯ ಎರಡು ಗುಂಡಿ ಹೋದವು. ಲಾಕ್ ತೆಗೆ ಎಂದರು. ತೆಗೆಯುವುದಿಲ್ಲ ಎಂದೆ. ಹೊಡೆಯುತ್ತೇವೆ ಎಂದರು. "ಹೊಡೀರಿ, ಆದ್ರೆ ಈ ರಸ್ತೇಲಿ ನಾನು ಬಾಗ್ಲು ತೆಗಿಯಲ್ಲ. ಠಾಣೆಗೇ ಹೋಗ್ತಿರೋದು, ಬೇಕಿದ್ರೆ ಎಲ್ಲಾರೂ ಬನ್ನಿ" ಎಂದೆ. ಸ್ಕೂಟರಿನವನು ಠಾಣೆಯವರೆಗೂ ಹಿಂದೆಯೇ ಬಂದ. ಅವನು ಮಾಡಿದ್ದು ಸರಿ. ಅವನ ವಿಡಿಯೊವನ್ನು ಅಳಿಸದೆ ಇಡಬೇಕೆಂದು ಕೋರುತ್ತೇನೆ.

ಠಾಣೆ ತಲುಪಿದಾಗ ಹನ್ನೊಂದು ದಾಟಿತ್ತು. ಮೇಡಂಗೆ ಫೋನ್ ಮಾಡಿ ಬರಲಾಗಲಿಲ್ಲ, ಠಾಣೆಯಲ್ಲಿದ್ದೇನೆ ಎಂದೆ. ಆ ಮಾತು ಹೇಗೆ ಕೇಳಿಸುತ್ತದೆ ಎಂಬುದು ಹೇಳಿದ ಮೇಲೆ ಹೊಳೆಯಿತು. ಯಾಕೆ ಎಂದು ಕೇಳಿದರು. ಒಬ್ಬರನ್ನು ಕಾರಿನಲ್ಲಿ ಲಾಕ್ ಮಾಡಿ ಕರೆತಂದಿದ್ದೇನೆ ಎಂದೆ. ಅದನ್ನೂ ಬಂದು ಪೂರ್ತಿ ಹೇಳಿ ಎಂದರು. ಆಮೇಲೆ, ಸಂದರ್ಶನಕ್ಕೆ ಕೂತಿದ್ದ ಉಳಿದವರು ಎದ್ದು ಹೋಗಿದ್ದಾರೆ, "ನಾನು ಒಂದು ಗಂಟೆವರೆಗೂ ಕೂತಿರ್ತೀನಿ" ಎಂದರು.

ತಾಯಿ ಕಾಣೆಯಾಗಿದ್ದಾರೆಂದು ದೂರು ಕೊಡಲು ಬಂದ ಅವರ ಮಗ ಇಲ್ಲಿಯೇ ತಾಯಿಯನ್ನು ಕಂಡರು. ಮೊದಲು ವಿಡಿಯೊ ನೋಡಿ ನನ್ನ ಮೇಲೆ ಏರಿ ಬಂದರು. ಮೆಡಿಕಲ್ ಶಾಪಿನ ಹೆಂಗಸು ಫೋನಿನಲ್ಲಿ ನಡೆದದ್ದನ್ನು ಹೇಳಿದ ಮೇಲೆ ಕೈ ಮುಗಿದರು. ನಂತರ, ಏನನ್ನೂ ಬರೆಯುವುದು ಬೇಡ, ತಾಯಿಯನ್ನು ನೋಡಿಕೊಳ್ಳಲಿಲ್ಲ ಎಂದು ನೆಂಟರು ಆಡಿಕೊಳ್ಳುತ್ತಾರೆ ಎಂದರು. ಎಲ್ಲ ಸರಿಹೋಯಿತಲ್ಲ, ಬಿಡಪ್ಪ, ಮನೆಗೆ ಹೋಗು ಎಂದು ಹೆಡ್ ಕಾನ್‌ಸ್ಟೇಬಲ್ ಅವರೂ ಹೇಳಿದರು. ನಾನು ಬೆಂಚಿನಿಂದ ಏಳಲಿಲ್ಲ. ನ್ಯಾಯಾಲಯ ಬಿಡುಗಡೆ ಮಾಡಿದ ದಿನವೂ ಇದೇ ಠಾಣೆಯಲ್ಲಿ ನನಗೆ ಬಿಡಪ್ಪ ಎಂದಿದ್ದರು. ಬಿಟ್ಟೆ. ಇಲ್ಲಿನ ಕಡತದಲ್ಲಿ ಆರೋಪ ಮಾತ್ರ ಬರಹದಲ್ಲಿ ಉಳಿಯಿತು, ಬಿಡುಗಡೆ ಬಾಯಿಮಾತಾಗಿ ಹೋಯಿತು. ಈ ಸಲ ಬಿಡುವುದಿಲ್ಲ. ಅವರ ಮಗ ಬೆಳಗಿನಿಂದ ಬೀದಿ ಬೀದಿ ಹುಡುಕಿ ಬೆವರಿದ್ದರು ಎಂಬುದನ್ನೂ ಬರೆಯಿರಿ. ನೆಂಟರು ಅದನ್ನೂ ಓದಲಿ.

ಇದನ್ನು ಬರೆಸುವಾಗ ಆ ಅಮ್ಮ ನನ್ನ ಪಕ್ಕದ ಬೆಂಚಿನಲ್ಲಿ ನನ್ನ ಅಂಗಿಯ ತುದಿ ಹಿಡಿದು ಕುಳಿತಿದ್ದಾರೆ. "ಬಾಗ್ಲು ಹಾಕಿದ್ಯೇನೋ ತಮ್ಮಾ?" ಎಂದು ಕೇಳುತ್ತಲೇ ಇದ್ದಾರೆ. "ಹಾಕಿದೀನಿ ಅಕ್ಕ" ಎಂದಿದ್ದೇನೆ.

ಈ ಹೇಳಿಕೆಯ ಮೊಹರು ಹಾಕಿದ ಪ್ರತಿ ನನಗೆ ಈಗಲೇ ಬೇಕು. ಒಂದು ಗಂಟೆಗೆ ಇಪ್ಪತ್ತು ನಿಮಿಷ ಇದೆ, ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ನಿಮ್ಮ ಹೆಸರು ಪೊಲೀಸ್ ದಾಖಲೆಯಲ್ಲಿ ಇದೆಯೇ ಎಂದು ಅಲ್ಲಿ ಕೇಳಿದರೆ, ಎರಡು ಸಲ ಇದೆ ಎನ್ನುತ್ತೇನೆ. ಎರಡರಲ್ಲೂ ಬಾಗಿಲು ಲಾಕ್ ಆಗಿತ್ತು. ಮೊದಲನೆಯದು ತಾನಾಗಿ ಬಿದ್ದದ್ದು. ಎರಡನೆಯದನ್ನು ನಾನೇ ಹಾಕಿದ್ದು, ನಾಳೆಯೂ ಹಾಕುತ್ತೇನೆ.

ಮೇಲಿನದೆಲ್ಲ ನನ್ನ ಬಾಯಿಂದಲೇ ಬಂದದ್ದು. ಓದಿಸಿ ಕೇಳಿದ್ದೇನೆ, ಲಾಕ್ ಹಾಕಿದ ಸಾಲನ್ನು ಎರಡು ಸಲ ಓದಿಸಿದ್ದೇನೆ. ಒಂದಕ್ಷರವೂ ಸುಳ್ಳಲ್ಲ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಇಂದಿನದು, ಮೊಹರಿನಲ್ಲಿರುವಂತೆ
ಸಹಿ: (ರಸೀದಿ)
ಪ್ರತಿ ಪಡೆದಿದ್ದೇನೆ: (ಅದೇ ಸಹಿ)