ಬೋರಲು ಹಾಕಿದ ತಟ್ಟೆ

ಶಾಲೆ ಬಿಟ್ಟು ಬರುವಾಗ ಮಳೆ ಹಿಡಿದುಕೊಂಡಿತು. ಕಳಸದ ರಸ್ತೆಯಲ್ಲಿ ಬಸ್ಸಿಳಿದರೆ ನನ್ನ ಬಾಡಿಗೆ ಮನೆಗೆ ಎಸ್ಟೇಟಿನ ಒಳದಾರಿಯಲ್ಲಿ ಇಪ್ಪತ್ತು ನಿಮಿಷದ ನಡಿಗೆ. ಅರ್ಧ ದಾರಿ ನಾನು ಕೊಡೆ ಹಿಡಿದು ನಡೆದೆ. ಆಮೇಲೆ ಕೊಡೆಯೇ ನನ್ನನ್ನು ಎಳೆದಾಡತೊಡಗಿದಾಗ ಪಲ್ಪರ್ ಮನೆಗೆ ನುಗ್ಗಿದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಅಲ್ಲಿ ಕೊಯ್ಲಿನ ದಿನಗಳಲ್ಲಿ ಮಾತ್ರ ಓಡುತ್ತದೆ. ಮಳೆಗಾಲದಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತದೆ. ಕಳೆ ತೆಗೆಯುವ ಹೆಂಗಸರು ಮಳೆ ಜೋರಾದರೆ ಸೇರುವುದು ಅಲ್ಲಿಯೇ.

ಅಂದು ಗುರುವಾರ. ನಾಲ್ಕೈದು ಜನ ಬೆಂಕಿಯ ಸುತ್ತ ಕೂತು ಕಾಲಿಗೆ ಕಚ್ಚಿ ರಕ್ತ ಹೀರುತ್ತಿದ್ದ ಇಂಬಳ ಕೀಳುತ್ತಿದ್ದರು. ಎಪ್ಪತ್ತು ದಾಟಿದ ಅಣ್ಣಮ್ಮ ಎಲ್ಲರಿಗೂ ಚಹಾ ಕಾಯಿಸುತ್ತಿದ್ದರು. ತೋಟದ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಅವರು ಮಧ್ಯಾಹ್ನ ಅಲ್ಲಿಗೆ ಬರುವುದನ್ನು ಬಿಟ್ಟಿರಲಿಲ್ಲ.

"ಬನ್ನಿ ಟೀಚರ್, ಬೆಂಕಿ ಹತ್ರ ಕೂತ್ಕಳಿ. ನಿಮ್ಮ ಕಾಡಿಗೆ ಸಿಕ್ತಾ?" ಎಂದಳು ಮುತ್ತಮ್ಮ.

ಕಾಡಿಗೆ ನನ್ನ ನಾಯಿ. ಮೂಗಿನಿಂದ ಬಾಲದವರೆಗೆ ಕಪ್ಪು, ಅದಕ್ಕೇ ಆ ಹೆಸರು. ನನ್ನ ಗಂಡ ವೀರೇಂದ್ರ ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಶನಿವಾರ ಬಂದು ಭಾನುವಾರ ಊಟ ಮುಗಿಸಿ ಹೊರಡುತ್ತಾರೆ. ಉಳಿದ ಸಂಜೆಗಳಲ್ಲಿ ನಾನು ಮಾತಾಡುವುದು ಕಾಡಿಗೆಯ ಜೊತೆ. ದುಃಖದಿಂದ ಹೇಳುತ್ತಿಲ್ಲ. ನಾಯಿಗೆ ಹೇಳಿದ್ದನ್ನು ಯಾಕೆ ಹೇಳಿದೆ ಎಂದು ಮತ್ತೆ ವಿವರಿಸಬೇಕಾಗಿಲ್ಲ, ಅಷ್ಟೆ. ಭಾನುವಾರ ಗಂಡನ ಸ್ಕೂಟರಿನ ಹಿಂದೆ ಗೇಟಿನವರೆಗೆ ಓಡಿದ ಅದು ಮತ್ತೆ ಮನೆಗೆ ಬರಲಿಲ್ಲ. ಕತ್ತಲಾಗುವವರೆಗೆ ಕೂಗುತ್ತಾ ತಿರುಗಿದ್ದೆ. ಅದರ ಫೋಟೋವನ್ನು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದಾಗ ಹದಿನಾಲ್ಕು ಜನ ಕೈಮುಗಿದಿದ್ದರು. "ಹೆಣ್ಣುನಾಯಿ ಹಿಂದೆ ಹೋಗಿರತ್ತೆ ಮೇಡಂ, ಹೊಟ್ಟೆ ಹಸಿದ್ರೆ ತಾನೇ ಬರತ್ತೆ" ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪ್ರಶಾಂತ್ ಸಮಾಧಾನ ಹೇಳಿದ್ದರು.

"ಹುಡುಕೋದು ಬಿಟ್ಟೆ ಮುತ್ತಮ್ಮ," ಎಂದೆ. "ಅದು ಬಂದು ತಿಂದು ಹೋಗ್ತಾ ಇದೆ. ಸಂಜೆ ಹಿಂದಿನ ಮೆಟ್ಟಿಲ ಮೇಲೆ ಹಾಲನ್ನ ಇಡ್ತೀನಿ. ಬೆಳಿಗ್ಗೆ ಎದ್ರೆ ಒಂದಗುಳೂ ಇರಲ್ಲ. ತಿಂದ ರಭಸಕ್ಕೆ ತಟ್ಟೆನೂ ಬೋರಲು ಬಿದ್ದಿರತ್ತೆ."

"ಗಂಡು ಜಾತಿ! ಊಟಕ್ಕೆ ಮಾತ್ರ ಮನೆ," ಎಂದು ಮುತ್ತಮ್ಮ ನಕ್ಕಳು. ಉಳಿದವರೂ ನಕ್ಕರು.

ಅಣ್ಣಮ್ಮ ನಗಲಿಲ್ಲ. ಚಹಾ ಸೋಸುತ್ತಿದ್ದ ಕೈ ನಿಂತಿತ್ತು.

"ಇಡುವಾಗ ಕರೀತೀರಾ ಟೀಚರ್?"

"ಕರೀತೀನಿ. ಬಾ, ಉಣ್ಣು ಬಾ ಅಂತ."

"ಆಮೇಲೆ ಬಾಗಿಲು?"

"ಹಾಕ್ಕೊಳ್ತೀನಿ. ಚಿರತೆ ಓಡಾಡ್ತಿದೆ ಅಂತಾರಲ್ಲ."

ಅಣ್ಣಮ್ಮ ಪಾತ್ರೆಯನ್ನು ಕೆಳಗಿಟ್ಟರು. ತಗಡಿನ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಅವರು ಮಾತು ಶುರುಮಾಡಿದಾಗ ನಾವೆಲ್ಲ ಮುಂದಕ್ಕೆ ಬಾಗಬೇಕಾಯಿತು.

"ನಮ್ಮತ್ತೆ ಯಲ್ಲಮ್ಮ ಅಂತ. ನೀವ್ಯಾರೂ ನೋಡಿಲ್ಲ, ಇಪ್ಪತ್ತಾರು ವರ್ಷ ಆಯ್ತು ಹೋಗಿ. ಸೊಂಟ ಬಿದ್ದು ಎರಡು ವರ್ಷ ಕೂಲಿಯವ್ರ ಲೈನ್ ಮನೇಲಿ ಮಲಗಿದ್ರು... ನಾನು ಬೆಳಿಗ್ಗೆ ಗಂಜಿ ಕುಡಿಸಿ ತೋಟಕ್ಕೆ ಹೋದ್ರೆ ಬರೋದು ಸಂಜೆ, ಬಂದು ಕಾಲು ತೊಳ್ಯಕ್ಕೂ ಬಿಡ್ತಿರ್ಲಿಲ್ಲ, ಒಂದೇ ಮಾತು, ಅಣ್ಣಮ್ಮ, ಚೂರು ಹಾಲನ್ನ ಕಲ್ಸಿ ಕೊಡೇ ಅಂತ. ಹಾಲು ಎಲ್ಲಿತ್ತು ಆಗ?... ಇತ್ತು. ಈ ವಯಸ್ಸಲ್ಲಿ ಸುಳ್ಳು ಯಾಕೆ ಹೇಳ್ಲಿ. ಒಂದು ಲೋಟ ಇರ್ತಿತ್ತು, ಮೊಮ್ಮಗೂಗೆ ಅಂತ ಎತ್ತಿಡ್ತಿದ್ದೆ. ಅತ್ತೆಗೆ ಗಂಜಿ ತಿಳಿ ಹಾಕಿ ಕಲ್ಸಿ, ತಗಳಿ ಹಾಲನ್ನ ಅಂತಿದ್ದೆ. ಕಣ್ಣು ಮಂಜಾಗಿತ್ತು ಅವ್ರಿಗೆ, ನಾಲಿಗೆ ಮಂಜಾಗಿತ್ತಾ? ಗೊತ್ತಾಗ್ತಿತ್ತು. ಬೈದಿದ್ರೆ ನಾನೂ ಬೈತಿದ್ದೆ, ಅಲ್ಲಿಗೆ ಮುಗೀತಿತ್ತು. ಬೈತಿರ್ಲಿಲ್ಲ ಅವ್ರು. ಒಂದಗುಳು ಬಿಡ್ದೆ ತಿಂದು, ತಟ್ಟೇನ ಗೋಡೆ ಪಕ್ಕ ಬೋರಲು ಹಾಕಿ ಆಚೆ ತಿರುಗಿ ಮಲಗ್ತಿದ್ರು."

"ನಮ್ಮತ್ತೆ ಆಗಿದ್ರೆ ತಟ್ಟೆ ನನ್ನ ತಲೆ ಮೇಲೆ ಬೋರಲು ಬೀಳ್ತಿತ್ತು," ಎಂದಳು ಮುತ್ತಮ್ಮ.

"ಸುಮ್ನೆ ಕೇಳೇ ಮಾರಾಯ್ತಿ... ಆಷಾಢದಲ್ಲಿ ತೀರ್ಕೊಂಡ್ರು. ನಮ್ಮಲ್ಲಿ ಸತ್ತೋರು ಉಂಡ ತಟ್ಟೇನ ಮಣ್ಣು ಮಾಡಿದ ಜಾಗದಲ್ಲೇ ಬಿಟ್ಟು ಬರ್ಬೇಕು. ನಮ್ಮನೆಯವ್ರು ಮಾರಯ್ಯ ಕೇಳಿದ್ರು, ಅವ್ವನ ತಟ್ಟೆ ಎಲ್ಲಿ ಅಂತ. ನಾನು ಯಾವ್ದೋ ತೂತು ತಟ್ಟೆ ಕೊಟ್ಟು ಕಳಿಸ್ದೆ. ಅತ್ತೇದು ಒಳ್ಳೆ ಗಟ್ಟಿ ತಟ್ಟೆ, ಒಂದು ಅಂಚು ನೆಗ್ಗಿತ್ತು, ಅಷ್ಟೆ. ಮಣ್ಣಲ್ಲಿ ಬಿಟ್ಟು ಬರಕ್ಕೆ ಮನಸ್ಸು ಬರ್ಲಿಲ್ಲ. ಹಾಗಂತ ಅದ್ರಲ್ಲಿ ನಾವು ಉಣ್ಣಕ್ಕಾಗತ್ತಾ? ಜಿಮ್ಮಿಗೆ ಇಟ್ಟೆ. ಜಿಮ್ಮಿ ಅಂದ್ರೆ ನಮ್ಮ ನಾಯಿ, ಕೆಂಚು ಬಣ್ಣ, ನಾನು ಯಾವ ಸಾಲಲ್ಲಿ ಕೆಲ್ಸ ಮಾಡ್ತಿದ್ರೂ ವಾಸನೆ ಹಿಡ್ದು ಬಂದು ಗಿಡದ ಬುಡದಲ್ಲಿ ಮಲಗೋದು..."

ಅಣ್ಣಮ್ಮ ಬೆಂಕಿಗೆ ಇನ್ನೊಂದು ಕೊರಡು ದೂಡಿದರು.

"ಶ್ರಾವಣದಲ್ಲಿ ಒಂದಿನ ಜಿಮ್ಮಿ ಬರ್ಲಿಲ್ಲ. ಹುಡುಕಿದ್ವಿ. ಮಾರನೇ ಸಂಜೆ ನಾನು ಅದರ ತಟ್ಟೇಲಿ ಅನ್ನ ಹಾಕಿ ಜಗಲಿ ಮೇಲಿಟ್ಟೆ, ಅವತ್ತು ಯಾಕೋ ಇದ್ದ ಹಾಲನ್ನೂ ಸುರಿದ್ಬಿಟ್ಟೆ, ಬಾ, ಉಣ್ಣು ಬಾ ಅಂತ ಕರ್ದೆ, ಚಿರತೆ ಭಯಕ್ಕೆ ಬಾಗಿಲು ಎಳ್ಕೊಂಡೆ. ಹಿರಿಯರಿಗೆ ಎಡೆ ಇಡೋದು ಹೇಗೆ, ಹೇಳಿ? ಅನ್ನ ಬಡ್ಸಿ, ಬಂದು ಉಣ್ಣಿ ಅಂತ ಕರ್ದು, ಬಾಗಿಲು ಎಳ್ಕೊಂಡು ಆಚೆ ನಿಲ್ತೀವಿ... ಅಲ್ವಾ? ನಾನು ಮಾಡಿದ್ದೂ ಅದೇ. ಬಾಗಿಲಿನ ಈಚೆ ನಿಂತಿದ್ದೆ, ಅಷ್ಟೇ ವ್ಯತ್ಯಾಸ. ಬೆಳಿಗ್ಗೆ ನೋಡ್ತೀನಿ, ತಟ್ಟೆ ಖಾಲಿ. ಜಿಮ್ಮಿ ಬಂದಿತ್ತು ಅಂತ ಎಷ್ಟು ಖುಷಿ ಆಯ್ತು ಅಂದ್ರೆ... ತಟ್ಟೆ ಗೋಡೆ ಪಕ್ಕ ಬೋರಲು ಇದ್ದಿದ್ದು ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳ್ಲಿಲ್ಲ. ದಿನಾ ಇಟ್ಟೆ. ದಿನಾ ಖಾಲಿ. ತಿಂದು ಹೋಗೋ ನಾಯೀನ ಯಾರು ಹುಡುಕ್ತಾರೆ? ನಾನೂ ಬಿಟ್ಟೆ, ಅವ್ರೂ ಬಿಟ್ರು.

"ಐದನೇ ದಿನವೋ ಆರನೇ ದಿನವೋ, ಹಳ್ಳದ ಕಡೆಯಿಂದ ನಾಯಿ ಕುಂಯ್‌ಗುಟ್ಟೋದು ಕೇಳ್ತು. ಕಳೆ ಕೀಳ್ತಾ ಇದ್ದೋಳು ತಲೆ ಎತ್ತಿದೆ. ಏನಂದ್ಕೊಂಡೆ ಗೊತ್ತಾ ಟೀಚರ್?... ನಮ್ಮದು ದಿನಾ ಮನೇಗೆ ಬಂದು ಉಂಡು ಹೋಗ್ತಾ ಇದೆ, ಇದ್ಯಾರ ಮನೆ ನಾಯಿಯೋ ಪಾಪ ಅಂದ್ಕೊಂಡೆ. ತಲೆ ಬಗ್ಗಿಸಿ ಕಳೆ ಕಿತ್ತೆ.

"ಒಂಬತ್ತನೇ ದಿನ ಮಾರಯ್ಯ ಹಳ್ಳಕ್ಕೆ ಬಿದಿರು ಕಡಿಯಕ್ಕೆ ಹೋದ್ರು. ಹಂದಿಗೆ ಅಂತ ಯಾರೋ ಕಟ್ಟಿದ್ದ ತಂತಿ ಉರುಳಲ್ಲಿ ಜಿಮ್ಮಿ... ಸೊಂಟಕ್ಕೆ ಸಿಕ್ಕಿತ್ತು. ಸುತ್ತಲಿನ ಮಣ್ಣೆಲ್ಲ ಕೆರೆದು ಗುಂಡಿ ಮಾಡಿತ್ತು. ಅವ್ರು ಮುಟ್ಟಿದಾಗ ಮೈ ಇನ್ನೂ ಬೆಚ್ಚಗಿತ್ತಂತೆ. ಅಂದ್ರೆ ಎಂಟು ದಿನ ಬದುಕಿತ್ತು, ನಾನು ಕೂಗಿದ್ರೆ ಕೇಳೋಷ್ಟು ಹತ್ರ. ಆ ಎಂಟು ದಿನ ನಮ್ಮನೆ ಜಗಲೀಲಿ ಹಾಲನ್ನ ಉಂಡೋರ್ಯಾರು?"



"ಕಾಡುಬೆಕ್ಕು ಇರ್ಬೇಕು ಅಣ್ಣಮ್ಮಕ್ಕ," ಎಂದಳು ಮುತ್ತಮ್ಮ.

"ನಾನೂ ಹಾಗೇ ಅಂದ್ಕೊಂಡು ಬದುಕಬಹುದಿತ್ತು. ಬೆಕ್ಕು ಉಂಡ ತಟ್ಟೇನ ಗೋಡೆಗೆ ಒರಗೋ ಹಾಗೆ ಬೋರಲು ಹಾಕತ್ತಾ?" ಅಣ್ಣಮ್ಮ ನನ್ನ ಕಡೆ ತಿರುಗಿದರು. "ನಿಮ್ಮ ತಟ್ಟೆ ಎಲ್ಲಿ ಬಿದ್ದಿರತ್ತೆ ಟೀಚರ್? ಮೆಟ್ಟಿಲ ಕೆಳಗೋ, ಗೋಡೆ ಪಕ್ಕಕ್ಕೋ?"

ನಾಲ್ಕು ಬೆಳಿಗ್ಗೆಯೂ ತಟ್ಟೆ ಸಿಕ್ಕಿದ್ದು ಗೋಡೆಯ ಪಕ್ಕ. ಅಷ್ಟೇ ಅಲ್ಲ. ಮಂಗಳವಾರ ಸಂಜೆ ಪಾಠದ ಟಿಪ್ಪಣಿ ಬರೆಯುತ್ತಾ ಕೂತಾಗ ಹಳ್ಳದ ಕಡೆ ಯಾವುದೋ ನಾಯಿ ಅತ್ತ ಹಾಗಾಗಿತ್ತು. ನಾನು ಕಿಟಕಿ ಹಾಕಿದ್ದೆ.

"ನಮ್ಮ ಜಿಮ್ಮಿ ಎಂಟು ದಿನ ಇತ್ತು," ಎಂದರು ಅಣ್ಣಮ್ಮ. "ನಿಮಗಿನ್ನೂ ನಾಲ್ಕಾಗಿದೆ. ಏಳಿ."

ಮಳೆ ನಿಲ್ಲುವುದನ್ನು ಯಾರೂ ಕಾಯಲಿಲ್ಲ. ಮುತ್ತಮ್ಮ ಕತ್ತಿ ಹಿಡಿದು ಮುಂದೆ ನಡೆದಳು. ಉಳಿದವರು ಪ್ಲಾಸ್ಟಿಕ್ ಕೊಪ್ಪೆ ತಲೆಗೆಳೆದುಕೊಂಡು ಕಾಫಿ ಸಾಲುಗಳಲ್ಲಿ ಹರಡಿಕೊಂಡರು. "ಕಾಡಿಗೇ... ಕ್ರೂ ಕ್ರೂ" ಎಂದು ಒಬ್ಬೊಬ್ಬರು ಒಂದೊಂದು ದನಿಯಲ್ಲಿ ಕೂಗಿದರು. ನಾಲ್ಕು ದಿನ ಅದನ್ನು ಕರೆದವಳು ನಾನು, ಆದರೆ ಬಾಗಿಲ ಒಳಗೆ ನಿಂತು.

ಹಳ್ಳದ ಇಳಿಜಾರಿನಲ್ಲಿ ಅಣ್ಣಮ್ಮ ನನ್ನ ಮೊಣಕೈ ಹಿಡಿದರು. "ನಿಲ್ಲಿ, ಜಾರತ್ತೆ. ಅವ್ಳು ನೋಡ್ತಾಳೆ."

ಕೆಳಗೆ ನೀರಿನ ಸದ್ದು. ಅದರ ನಡುವಿನಿಂದ ಮುತ್ತಮ್ಮ ಕೂಗಿದಳು: "ಇಲ್ಲಿದೆ ಅಕ್ಕಾ! ಉರುಳಿಗೆ ಬಿದ್ದಿದೆ... ಜೀವ ಇದೆ ಟೀಚರ್, ಜೀವ ಇದೆ!"

ತಂತಿ ಬಿಚ್ಚಲು ಇಬ್ಬರು ಬೇಕಾಯಿತು. ಸೊಂಟದ ಸುತ್ತ ಚರ್ಮ ಕಿತ್ತು ಹೋಗಿತ್ತು. ಹೊಟ್ಟೆ ಬೆನ್ನಿಗಂಟಿತ್ತು, ಒಂದೊಂದು ಪಕ್ಕೆಲುಬನ್ನೂ ಬೇರೆ ಬೇರೆಯಾಗಿ ಮುಟ್ಟಬಹುದಿತ್ತು. ನನ್ನ ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಾಗ ಕಾಡಿಗೆ ನನ್ನ ಮಣಿಕಟ್ಟನ್ನು ಒಮ್ಮೆ ನೆಕ್ಕಿ ಕಣ್ಣು ಮುಚ್ಚಿತು. ನಾಲ್ಕು ದಿನದಿಂದ ಒಂದಗುಳೂ ತಿಂದಿರದ ನಾಯಿ ಅದು. ಬೇರೆ ರೀತಿ ಅಷ್ಟು ಹಗುರ ಆಗುವುದಿಲ್ಲ.

ಮೂಡಿಗೆರೆಯ ಪಶು ಆಸ್ಪತ್ರೆಗೆ ಹೋಗಲು ಪ್ರಶಾಂತ್ ಜೀಪು ತರುತ್ತಾರೆಂದು ರಸ್ತೆಗೆ ಬಂದು ನಿಂತೆವು. ಅಣ್ಣಮ್ಮ ತಮ್ಮ ಕೊಪ್ಪೆಯನ್ನು ಬಿಚ್ಚಿ ನಾಯಿಗೆ ಹೊದಿಸಿದರು.

"ಆ ತಟ್ಟೆ ಏನು ಮಾಡಿದ್ರಿ ಆಮೇಲೆ?" ಎಂದು ಕೇಳಿದೆ. "ನಿಮ್ಮತ್ತೇದು."

"ಏನು ಮಾಡೋದು? ಇಟ್ಕೊಂಡಿದ್ದೀನಿ. ದಿನಾ ಸಂಜೆ ಜಗಲೀಲಿ ಅನ್ನ ಇಡ್ತೀನಿ, ಕರೀತೀನಿ, ಬಾಗಿಲು ಎಳ್ಕೊಳ್ತೀನಿ. ಕೊಡ್ಬೇಕಾದಾಗ ಕೊಡ್ಲಿಲ್ವಲ್ಲ... ಇಪ್ಪತ್ತಾರು ವರ್ಷದಲ್ಲಿ ಒಂದು ದಿನನೂ ಅನ್ನ ಉಳಿದಿದ್ದಿಲ್ಲ ಟೀಚರ್. ಈಗ ನನ್ನ ಕೈಲಿ ಹಾಲು ತರಕ್ಕಾಗಲ್ಲ, ಅಂಗಡಿ ದೂರ. ಈಚೆಗೆ ಮತ್ತೆ ಗಂಜಿ ತಿಳೀನೇ ಹಾಕ್ತಿದ್ದೆ."

ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ಅಣ್ಣಮ್ಮ ನಾಯಿಯ ಹಣೆ ನೇವರಿಸುತ್ತಿದ್ದರು. ನನ್ನ ಮುಖ ನೋಡಲಿಲ್ಲ.

"ಭಾನುವಾರದಿಂದ ನಾನಿಡೋ ತಟ್ಟೇಲಿ ಅನ್ನ ಹಾಗೇ ಉಳೀತಾ ಇದೆ."